ಕೆಲಸಕ್ಕೆ ಎಲ್ಲಾ ತರದ ಜನ ಇದ್ರೆ ಕಷ್ಟಕಾಲಕ್ಕೆ ಅಂಗಡಿ ಉಳೀತದಾ? ಅಥವಾ ಬರೀ ದೊಡ್ಡ ಕಂಪೆನಿಗಳ ಶೋಕಿಯಾ?

ಕುಂಬಳೆ_ಲೆಕ್ಕದವ:
ನಮ್ದು ಹೋಲ್‌ಸೇಲ್, ಗೋಡೌನ್ ಸೇರಿ 35 ಜನ. ಅದ್ರಲ್ಲಿ 20ಕ್ಕಿಂತ ಹೆಚ್ಚು ಒಂದೇ ಊರಿನವ್ರು. ಒಬ್ಬ ಬಂದ, ಅವ ತಮ್ಮನನ್ನ ತಂದ, ತಮ್ಮ ಭಾವನನ್ನ ತಂದ, ಹಾಗೆ ಆದದ್ದು. ಎಲ್ಲ ಒಳ್ಳೆಯವ್ರೇ. ಆದ್ರೆ ಮೊನ್ನೆ ಅವ್ರ ಕುಟುಂಬದಲ್ಲೊಂದು ಮದುವೆ, ಮೂರು ದಿನ ಗೋಡೌನಿನ ಬಾಗಿಲು ತೆಗಿಲಿಕ್ಕೇ ಜನ ಇಲ್ಲ, ಲೋಡ್ ಬಂದ ಲಾರಿ ರಸ್ತೆ ಬದಿಯಲ್ಲೇ! ಈಗ ಇಬ್ರನ್ನ ಹೊಸತಾಗಿ ತೆಗೊಳ್ಳಿಕ್ಕೆ ಉಂಟು. ಧಣಿಗಳು "ಗೊತ್ತಿದ್ದವ್ರನ್ನೇ ತೆಗೊಳ್ಳುವ" ಹೇಳ್ತಾರೆ. ಬೇರೆ ಊರು, ಬೇರೆ ಭಾಷೆ, ಹೆಂಗಸ್ರು ಎಲ್ಲ ಇದ್ರೆ ಒಳ್ಳೇದು ಅಂತ ನಾನು. ಅವ್ರಿಗೆ ಹೇಗೆ ಹೇಳುದು ಮಾರಾಯ್ರೇ?

ಉಪ್ಪಳದವ:
ನಮ್ಮ ಕಾಸರಗೋಡು ಏಳು ಭಾಷೆಯ ಜಿಲ್ಲೆ ಅಂತ ಭಾಷಣ ಮಾಡ್ತೇವೆ, ಅಂಗಡಿ ಒಳಗೆ ನೋಡಿದ್ರೆ ಒಂದೂವರೆ ಭಾಷೆ 😄

ಕೊರೋನ ಸಮಯ ನಾನು ಮದ್ದಿನ ಡಿಸ್ಟ್ರಿಬ್ಯೂಷನಲ್ಲಿದ್ದೆ. ನಮ್ಮ ಸ್ಟಾಕ್, ಡ್ರೈವರ್, ಧಣಿಗಳ ದೋಸ್ತಿ ಎಲ್ಲ ಮಂಗ್ಳೂರಿಂದೇ. 2020 ಮಾರ್ಚ್ ಕೊನೆಗೆ ಕರ್ನಾಟಕದವ್ರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದು ನೆನಪುಂಟಲ್ಲ, ರೋಗಿಗಳಿಗೇ ದಾಟ್ಲಿಕ್ಕೆ ಆಗ್ಲಿಲ್ಲ, ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, ಇನ್ನು ನಮ್ಮ ಗಾಡಿಯ ಕಥೆ ಕೇಳುದು ಬೇಡ. ಆವಾಗ ಬಾಯಿ ಬಿಟ್ಟದ್ದು ಬಿಲ್ಲಿಂಗಿನ ಒಬ್ರು ಹೆಂಗಸು, ಕಣ್ಣೂರು ಕಡೆಯವ್ರು. "ನಮ್ಮ ಕಡೆ ಹೋಲ್‌ಸೇಲರ್ ಇದ್ದಾರೆ, ಕೇಳಿ ನೋಡ್ಲಾ" ಹೇಳಿದ್ರು. ಎರಡು ದಿನದಲ್ಲಿ ಶುಗರಿನ, ಬಿಪಿಯ ಮಾತ್ರೆ ತೆಂಕಿನಿಂದ ಬಂತು. ನಾಚಿಕೆಯ ವಿಷಯ ಎಂತ ಹೇಳಿದ್ರೆ ಅವ್ರು ನಾಲ್ಕು ವರ್ಷದಿಂದ ಇದ್ರು, ನಮ್ಮ ಮೀಟಿಂಗ್ ಎಲ್ಲ ತುಳು ಕನ್ನಡದಲ್ಲಿ, ಅವ್ರನ್ನ ಕರೆದದ್ದೇ ಇಲ್ಲ.

ಬದಿಯಡ್ಕ_ಮಾಷ್ಟ್ರು:
ಉಪ್ಪಳದವ್ರದ್ದು ಸರಿ, ಆದ್ರೆ ಧಣಿಗಳ ಎದುರು ಇಂಟರ್ನೆಟ್ಟಿನ ಅಂಕಿ ಹಿಡ್ಕೊಂಡು ಹೋಗ್ಬೇಡಿ. ಎಲ್ಲರೂ ಮೆಕಿನ್ಸೆ ಹೇಳುವ ಸಲಹಾ ಕಂಪೆನಿಯ 2020ರ ವರದಿ ಹೇಳ್ತಾರೆ, ಬೇರೆ ಬೇರೆ ಜನಾಂಗದ ಮೇಲಧಿಕಾರಿಗಳು ಜಾಸ್ತಿ ಇರುವ ಕಂಪೆನಿಗಳು ಹೆಚ್ಚು ಲಾಭ ಮಾಡುವ ಸಾಧ್ಯತೆ 36% ಜಾಸ್ತಿ ಅಂತ. ಗ್ರೀನ್, ಹ್ಯಾಂಡ್ ಅಂತ ಇಬ್ರು ಪ್ರೊಫೆಸರ್‌ಗಳು ಅಮೆರಿಕದ ಎಸ್ ಆಂಡ್ ಪಿ 500 ಹೇಳುವ ಪಟ್ಟಿಯ ದೊಡ್ಡ ಕಂಪೆನಿಗಳ ಲೆಕ್ಕ ತೆಗೆದು ನೋಡಿದ್ರು, ಅವ್ರಿಗೆ ಆ ಸಂಬಂಧ ಸಿಕ್ಕಿಲ್ಲ, 2024ರಲ್ಲಿ ಪ್ರಕಟ ಆಗಿದೆ. ಲಾಭ ಬಂದ ಮೇಲೆ ತರತರದ ಜನ ತೆಗೊಂಡ್ರಾ, ಜನ ತೆಗೊಂಡದ್ರಿಂದ ಲಾಭ ಬಂತಾ, ಯಾರು ಹೇಳ್ಬೇಕು? ಮತ್ತೆ ಮಿಶ್ರ ಜನ ಅಂದ್ರೆ ಸುರುವಿಗೆ ಜಗಳ ಜಾಸ್ತಿಯೇ. ಅಡಿಕೆ ತೋಟಕ್ಕೆ ಕೊಕ್ಕೋ, ಕರಿಮೆಣಸು ಹಾಕಿದ್ರೆ ಅಡಿಕೆಗೆ ಕೊಳೆರೋಗ ಬಂದ ವರ್ಷ ಕೈ ಹಿಡೀತದೆ ನಿಜ, ಕೆಲಸವೂ ಮೂರು ಪಾಲು. ನೀವು ಆ ಲಾರಿ ಕಥೆಯನ್ನೇ ಹೇಳಿ, ಸಾಕು.

ಮಂಜೇಶ್ವರದಕ್ಕ:
ನಾನು ಡೆಲಿವರಿಗೆ 26 ವಾರ ರಜೆ ಹಾಕಿದಾಗ ಮ್ಯಾನೇಜರಿನ ಮುಖ ಗಂಟು. ಹೋಗುವ ಮೊದ್ಲು ಇಬ್ರಿಗೆ ಜಿಎಸ್‌ಟಿ ಕೆಲಸ ಪೂರ್ತಿ ಕಲಿಸಿ ಹೋಗಿದ್ದೆ, ಅಲ್ಲಿವರೆಗೆ ಪಾಸ್‌ವರ್ಡ್ ಸಹಾ ನನ್ನ ತಲೆಯಲ್ಲೇ. ಮರುವರ್ಷ ನಮ್ಮ ಸೀನಿಯರ್ ಎಕ್ಸಿಡೆಂಟಾಗಿ ಎರಡು ತಿಂಗಳು ಮಲಗಿದ್ರು, ಒಂದು ರಿಟರ್ನ್ ಸಹ ತಡ ಆಗ್ಲಿಲ್ಲ. ಹೆಂಗಸ್ರನ್ನ ತೆಗೊಂಡ್ರೆ ರಜೆ ಜಾಸ್ತಿ ಹೇಳುವವ್ರಿಗೆ ಇದನ್ನ ಹೇಳಿ.

ಮತ್ತೆ 35 ಜನ ಹೇಳಿದ್ರಲ್ಲ, ಹೆಂಗಸ್ರಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದ್ರೆ ದೂರು ಕೇಳುವ ಇಂಟರ್ನಲ್ ಕಮಿಟಿ ಉಂಟಾ? 2013ರ ಕಾನೂನು, ಹತ್ತು ಜನ ಇದ್ರೇ ಬೇಕು. ಅಧ್ಯಕ್ಷರು ಹೆಂಗಸೇ ಆಗ್ಬೇಕು, ಹೊರಗಿನವ್ರೊಬ್ರು ಬೇಕು. ಲೇಡೀಸ್ ಟಾಯ್ಲೆಟ್ ಆದ್ರೂ ಉಂಟಾ ಅಂತ ಮೊದ್ಲು ನೋಡಿ.

ಕುಂಬಳೆ_ಲೆಕ್ಕದವ:
ಅಕ್ಕ, ಕಮಿಟಿ ಇಲ್ಲ. ಟಾಯ್ಲೆಟ್ ಉಂಟು, ಅದ್ರಲ್ಲಿ ರಟ್ಟಿನ ಪೆಟ್ಟಿಗೆ ತುಂಬಿಸಿ ಇಟ್ಟಿದ್ದಾರೆ 🙈 ನಾಳೆ ಖಾಲಿ ಮಾಡಿಸ್ತೇನೆ. ಧಣಿಗಳ ಹತ್ರ ಲಾರಿ ವೆಯ್ಟಿಂಗಿಗೆ ಕೊಟ್ಟ ದುಡ್ಡಿನ ವೋಚರ್ ತೋರಿಸಿದೆ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಮತ್ತೆ "ಒಂದು ಪೋಸ್ಟಿಗೆ ಹೊರಗೆ ಬೋರ್ಡ್ ಹಾಕು, ಇನ್ನೊಂದು ನನ್ನ ಅಳಿಯನ ದೋಸ್ತಿಗೆ" ಹೇಳಿದ್ರು. ಒಂದಾದ್ರೂ ಸಿಕ್ಕಿತು. ಕನ್ನಡದಲ್ಲಿ ಬೋರ್ಡ್ ಬರೆದಾಯ್ತು, ನನ್ನ ಮಲಯಾಳ ಮಾತಾಡ್ಲಿಕ್ಕೆ ಮಾತ್ರ. ಯಾರಾದ್ರೂ ನಾಲ್ಕು ಸಾಲು ಟೈಪ್ ಮಾಡಿ ಕೊಡ್ತೀರಾ?