ರಸ್ತೆಬದಿಯ ಗೋಡೆಗೆ ಟೈಟೇನಿಯಂ ಡೈಆಕ್ಸೈಡ್ ಲೇಪನ: ಹುಬ್ಬಳ್ಳಿಯ ಗಾಳಿಗೆ ಪ್ರಯೋಜನವಿದೆಯೇ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)
ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆ ಪಿ.ಬಿ. ರಸ್ತೆಗೆ ಹೊಂದಿಕೊಂಡಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒರೆಸಿದ ಕಿಟಕಿಯ ಸರಳಿನ ಮೇಲೆ ಸಂಜೆಯೊಳಗೆ ಬೆರಳಿನಿಂದ ಬರೆಯುವಷ್ಟು ಧೂಳು ಕೂರುತ್ತದೆ. ವಾಹನಗಳ ಹೊಗೆಯಂತೂ ಸರಿಯೇ ಸರಿ. ಈ ಸಲ ಬಣ್ಣ ಹಚ್ಚಿಸುವಾಗ, ಗಾಳಿಯನ್ನೇ ಶುದ್ಧಗೊಳಿಸುವ ನ್ಯಾನೊ ಲೇಪನವನ್ನು ಬಳಸಿರೆಂದು ಅಂಗಡಿಯವರು ಹೇಳುತ್ತಿದ್ದಾರೆ. ಹೆಚ್ಚಿನ ಹಣ ಕೊಡುವುದಕ್ಕೆ ತಕ್ಕ ಫಲ ಸಿಗುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ರಸಾಯನಶಾಸ್ತ್ರ ಅಧ್ಯಾಪಕಿ, ಧಾರವಾಡ)
ಲೇಪನದ ಹಿಂದಿನ ವಿಜ್ಞಾನ ನಿಜವಾದದ್ದೇ. ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಟೈಟೇನಿಯಂ ಡೈಆಕ್ಸೈಡ್ ಬೆಳಕಿನ ಬಲದಿಂದ ನೀರನ್ನು ಒಡೆಯಬಲ್ಲದೆಂದು ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು. ಲೇಪನದಲ್ಲಿ ಸಾಮಾನ್ಯವಾಗಿ ಇರುವುದು ಅದರ ಅನಟೇಸ್ ಎಂಬ ಸ್ಫಟಿಕ ರೂಪ. ಸುಮಾರು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕು ಬಿದ್ದಾಗ, ಕಣದ ಮೇಲ್ಮೈಯಲ್ಲಿ ಗಾಳಿಯ ತೇವ ಮತ್ತು ಆಮ್ಲಜನಕದಿಂದ ತೀವ್ರ ಕ್ರಿಯಾಶೀಲ ಅಣುತುಣುಕುಗಳಾದ ರ್‍ಯಾಡಿಕಲ್‌ಗಳು ಹುಟ್ಟಿ, ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೇಟಾಗಿ ಪರಿವರ್ತಿಸುತ್ತವೆ. ಕಣ ಸಣ್ಣದಾದಷ್ಟೂ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಹೆಚ್ಚುತ್ತದೆ. ನ್ಯಾನೊ ಗಾತ್ರದ ಪ್ರಯೋಜನ ಅದೇ.

ಆದರೆ ನಿಮ್ಮ ದೊಡ್ಡ ತೊಂದರೆಯಾದ ಧೂಳಿಗೆ ಇದು ಮದ್ದಲ್ಲ. ಮಣ್ಣಿನ ಕಣ, ಸಿಮೆಂಟಿನ ಪುಡಿ ಇವುಗಳನ್ನು ಯಾವ ರ್‍ಯಾಡಿಕಲ್ಲೂ ಕರಗಿಸದು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡ ಸೇರಿರುವುದೂ ಪಿಎಂ10 (ಸುಮಾರು 10 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಸಣ್ಣ) ಕಣಗಳ ಕಾರಣದಿಂದಲೇ. ಅಷ್ಟೇ ಅಲ್ಲ, ಗೋಡೆಯ ಮೇಲೆ ಕೂತ ಧೂಳು ಬೆಳಕನ್ನು ತಡೆದು ಲೇಪನದ ಕೆಲಸವನ್ನೇ ಕುಂದಿಸುತ್ತದೆ. ಮುಂಗಾರು ಬರುವವರೆಗೆ ನೀವೇ ಪೈಪು ಹಿಡಿದು ತೊಳೆಯಬೇಕಾದೀತು.

ಉತ್ತರ (ಸಿವಿಲ್ ಎಂಜಿನಿಯರ್, ಹುಬ್ಬಳ್ಳಿ)
ಮೇಡಂ ಹೇಳಿದ್ದು ಸರಿ. ಇನ್ನೊಂದು ಮಾತು: ಪ್ರಯೋಗಾಲಯದ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯೆಲ್ಲ ಲೇಪನದ ಮೇಲೆಯೇ ಹಾದುಹೋಗುತ್ತದೆ, ತೆರೆದ ರಸ್ತೆಯಲ್ಲಿ ಬಹುಪಾಲು ಗಾಳಿ ಗೋಡೆಯನ್ನು ಮುಟ್ಟುವುದೇ ಇಲ್ಲ. ಬ್ರಿಟನ್ ಸರ್ಕಾರದ ವಾಯು ಗುಣಮಟ್ಟ ತಜ್ಞರ ತಂಡವು 2016ರಲ್ಲಿ, ಇಂಥ ಲೇಪನಗಳ ವ್ಯಾಪಕ ಬಳಕೆಯಿಂದ ಹೊರಗಿನ ನೈಟ್ರೋಜನ್ ಡೈಆಕ್ಸೈಡ್ ಕಡಿಮೆಯಾಗುತ್ತದೆಂಬುದಕ್ಕೆ ಹೆಚ್ಚಿನ ಪುರಾವೆಯಿಲ್ಲವೆಂದೇ ಹೇಳಿತು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅದನ್ನು ಮನೆಯ ಒಳಗೋಡೆಗಾದರೂ ಹಚ್ಚಬಹುದೇ?

ಉತ್ತರ (ರಸಾಯನಶಾಸ್ತ್ರ ಅಧ್ಯಾಪಕಿ, ಧಾರವಾಡ)
ಬೇಡ ಸರ್. ಒಳಗೆ ನೇರಳಾತೀತ ಬೆಳಕು ತೀರ ಕಡಿಮೆ. ಸಾಲದ್ದಕ್ಕೆ, ಕ್ರಿಯೆ ಅರ್ಧಕ್ಕೆ ನಿಂತರೆ ಅಥವಾ ಬಣ್ಣದ ಸಾವಯವ ಅಂಟೇ ಒಡೆದರೆ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೊರಬರಬಹುದು. ಹೊರಗೋಡೆಗೆ ಹಚ್ಚಿಸಲೇಬೇಕೆಂದಿದ್ದರೆ ಐಎಸ್‌ಒ 22197-1 (ಇಂಥ ಲೇಪನ ನೈಟ್ರಿಕ್ ಆಕ್ಸೈಡನ್ನು ಎಷ್ಟು ತೆಗೆಯುತ್ತದೆಂದು ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ನಡೆಸಿದ ಪರೀಕ್ಷೆಯ ವರದಿಯನ್ನು ಅಂಗಡಿಯವರಿಂದ ಕೇಳಿ ಪಡೆಯಿರಿ. ನನ್ನನ್ನು ಕೇಳಿದರೆ, ಅದೇ ಹಣದಲ್ಲಿ ಗೇಟಿನ ಮುಂದಿನ ಬರಿ ಮಣ್ಣಿಗೆ ಪೇವರ್ ಹಾಕಿಸುವುದು ಒಳ್ಳೆಯದು.