‘ಅಪಾಯಕಾರಿ ಅಂಶ’, ‘ಕಣ್ಗಾವಲು’: ಬೇರೆ ಪದಗಳಿವೆಯೇ?

ಮಿತ್ರರೇ,

ಹದಿಹರೆಯದವರ ಆರೋಗ್ಯದ ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೀರಾ ಎಳೆಯ ವಯಸ್ಸಿನಲ್ಲಿ ಲೈಂಗಿಕ ಸಂಪರ್ಕ ಶುರುವಾಗುವುದಕ್ಕೂ ಮನೆ, ಗೆಳೆಯರು, ಶಾಲೆಗಳಿಗೂ ಇರುವ ನಂಟಿನ ಅಧ್ಯಾಯದಲ್ಲಿ ಎರಡು ಪದಗಳು ಸತಾಯಿಸುತ್ತಿವೆ. (‘ಹದಿಹರೆಯ’ದ ತಂಟೆಗೆ ನಾನು ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 10ರಿಂದ 19ರ ವಯಸ್ಸಿನಲ್ಲಿ ಮೊದಲ ಮೂರು ವರ್ಷ ‘ಹದಿ’ಯ ಹೊರಗೇ ಉಳಿದರೂ ಪದ ಜನರ ಬಾಯಲ್ಲಿ ನೆಲೆಯೂರಿದೆ.)

ಮೊದಲನೆಯದು ‘ರಿಸ್ಕ್ ಫ್ಯಾಕ್ಟರ್’. ಪತ್ರಿಕೆಗಳು ‘ಅಪಾಯಕಾರಿ ಅಂಶ’ ಎನ್ನುತ್ತವೆ. ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯಕ್ಕೆ, ಮದ್ಯಪಾನಕ್ಕೆ ಆ ಮಾತು ಒಪ್ಪುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಬಡತನವಿದೆ, ಬೇಗನೆ ಮೈನೆರೆಯುವುದಿದೆ, ತಂದೆ ಅಥವಾ ತಾಯಿ ಒಬ್ಬರೇ ಸಾಕುತ್ತಿರುವ ಮನೆಯೂ ಇದೆ. ಒಂಟಿಯಾಗಿ ಮಗಳನ್ನು ಬೆಳೆಸುತ್ತಿರುವ ತಾಯಿಯ ಕೈಗೆ ಅವಳ ಮನೆಯೇ ‘ಅಪಾಯಕಾರಿ’ ಎಂದು ಅಚ್ಚು ಹಾಕಿ ಕೊಡಲು ನನಗೆ ಮನಸ್ಸಿಲ್ಲ. ಫ್ರಾಮಿಂಗ್‌ಹ್ಯಾಮ್ ಹೃದ್ರೋಗ ಅಧ್ಯಯನದ 1961ರ ಲೇಖನದಿಂದ ಜನಪ್ರಿಯವಾದ ಈ ಪರಿಭಾಷೆ, ಇಂಥ ಕಡೆ ಸಂಭವ ಹೆಚ್ಚು ಕಂಡಿದೆ ಎಂದಷ್ಟೇ ಹೇಳುತ್ತದೆ. ಅದೇ ಕಾರಣ ಎಂದು ತೀರ್ಪು ಕೊಡುವುದಿಲ್ಲ. ‘ಸಂಭವ ಹೆಚ್ಚಿಸುವ ಅಂಶ’ ಎಂದು ಬರೆದು ನೋಡಿದೆ. ‘ಹೆಚ್ಚಿಸುವ’ ಎಂದೊಡನೆ ಕಾರಣ ಮತ್ತೆ ಒಳನುಸುಳುತ್ತದೆ. ವಾಕ್ಯದೊಳಗೆ ಹೇಗೋ ನಿಭಾಯಿಸಬಹುದು, ಕೋಷ್ಟಕದ ತಲೆಬರಹಕ್ಕೆ ಏನು ಮಾಡುವುದು?

ಎರಡನೆಯದು ‘ಪೇರೆಂಟಲ್ ಮಾನಿಟರಿಂಗ್’, ಅಂದರೆ ಮಕ್ಕಳ ಓಡಾಟ, ಒಡನಾಟಗಳ ಕಡೆ ಹೆತ್ತವರು ಗಮನವಿಡುವುದು. ಅದು ಕಡಿಮೆಯಿರುವ ಮನೆಗಳಲ್ಲಿ ಮಕ್ಕಳು ಬೇಗ ಲೈಂಗಿಕ ಸಂಪರ್ಕಕ್ಕೆ ತೊಡಗುವುದು ಹೆಚ್ಚು ಎಂದು ಅನೇಕ ಅಧ್ಯಯನಗಳು ಹೇಳಿವೆ. ‘ಪೋಷಕರ ಕಣ್ಗಾವಲು’ ಎಂದರೆ ಕ್ಯಾಮೆರಾ, ಪೊಲೀಸು ನೆನಪಾಗುತ್ತವೆ. ‘ನಿಗಾ’ ಎಂದರೆ ಆಸ್ಪತ್ರೆ. ಅರ್ಥಕ್ಕೂ ಇವು ದೂರ. ಸ್ಟಾಟಿನ್ ಮತ್ತು ಕೆರ್ ಎಂಬ ಸಂಶೋಧಕರು 2000ದಲ್ಲಿ ತೋರಿಸಿದಂತೆ, ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ ಎಂಬುದು ಹೆತ್ತವರಿಗೆ ತಿಳಿಯುವುದು ಬಹುಪಾಲು ಮಕ್ಕಳೇ ಬಂದು ಹೇಳುವುದರಿಂದ. ಬೇಹುಗಾರಿಕೆಯ ಪಾಲು ಅದರಲ್ಲಿ ಕಡಿಮೆ. ಹೀಗಾಗಿ ನನಗೆ ‘ವಿಚಾರಿಸಿಕೊಳ್ಳುವುದು’ ಇಷ್ಟವಾಗುತ್ತದೆ. ಅದರಲ್ಲಿ ಕೇಳುವುದೂ ಇದೆ, ಅಕ್ಕರೆಯೂ ಇದೆ. ತೊಂದರೆಯೆಂದರೆ, ಅದನ್ನು ನಾಮಪದ ಮಾಡಲು ಹೋದರೆ ‘ವಿಚಾರಣೆ’ಯಾಗಿ ಮಗು ಕಟಕಟೆಯಲ್ಲಿ ನಿಲ್ಲುತ್ತದೆ! ‘ಹೆತ್ತವರ ಅರಿವು’ ಎನ್ನಬಹುದೇ, ಅಥವಾ ಅದು ತೀರಾ ತೆಳುವಾಯಿತೇ?

ಶಿಕ್ಷಕರೊಂದಿಗೂ ಪೋಷಕರೊಂದಿಗೂ ದಿನವೂ ಮಾತನಾಡುವ ಆಪ್ತ ಸಮಾಲೋಚಕರು ಯಾರಾದರೂ ಇಲ್ಲಿದ್ದರೆ, ಈ ಎರಡಕ್ಕೂ ನೀವು ಬಾಯಿಮಾತಿನಲ್ಲಿ ಏನು ಹೇಳುತ್ತೀರಿ ಎಂದು ದಯವಿಟ್ಟು ತಿಳಿಸಿ.