ಓದುಗರ ಸ್ಪಂದನ: ದಿನಾ ಏಕಾದಶಿ ಅನ್ನೋ ಅಮ್ಮನಿಗೆ ಎಲ್ಲಿ ಜಾಗ?

ಕಳೆದ ಸಲ ಬೆಂಗಳೂರಿನ ಓದುಗರೊಬ್ಬರು ಬರೆದದ್ದು: ಅಮ್ಮನಿಗೆ 76, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂತ ಗೊತ್ತಾಗಿ ಮೂರು ವರ್ಷ. ಮಾಧ್ವ ಮನೆತನ, ಮಡಿ ಪೂಜೆ ಬಿಟ್ಟು ಬದುಕಿದವರಲ್ಲ. ಈಗ ಒಂದೇ ಪೂಜೆ ಮೂರು ಸಲ ಮಾಡ್ತಾರೆ, ದೀಪ ಹಚ್ಚಿ ಮರೀತಾರೆ, ಶುಗರ್ ಇದ್ರೂ 'ಇವತ್ತು ಏಕಾದಶಿ' ಅಂತ ದಿನಾ ಊಟ ಬೇಡ ಅಂತಾರೆ. ನಾನು ಕೆಲಸಕ್ಕೆ ಹೋಗ್ಲೇಬೇಕು. ದೇವರ ವಾತಾವರಣ ಇರೋ, ಈರುಳ್ಳಿ ಬೆಳ್ಳುಳ್ಳಿ ಹಾಕದ, ಮರೆವಿನವರನ್ನೂ ನೋಡ್ಕೊಳ್ಳೋ ಜಾಗ ಎಲ್ಲಾದ್ರೂ ಇದ್ಯಾ?

ಮೈಸೂರಿಂದ ಒಬ್ಬ ಮಗ

ಮೇಡಂ, ನಮ್ಮಪ್ಪನಿಗೋಸ್ಕರ ನಾನೂ ಇದೇ ಹುಡುಕಾಟದಲ್ಲಿ ಎಂಟು ತಿಂಗಳು ಓಡಾಡ್ದೆ. ಮೊದಲು ನಮ್ಮವರದ್ದೇ ಒಂದು ವೃದ್ಧಾಶ್ರಮಕ್ಕೆ ಹೋದ್ವಿ, ಒಳಗೆ ಕಾಲಿಡ್ತಿದ್ದ ಹಾಗೇ ತುಳಸಿಕಟ್ಟೆ, ದೊಡ್ಡ ದೇವರಮನೆ, ಸಂಜೆ ಭಜನೆ, ಬಾಳೆಲೆ ಊಟ, ನನಗೆ ಅಲ್ಲೇ ಕಣ್ಣು ತುಂಬಿ ಇನ್ನೇನು ಬೇಕು ಅಂತ ಅಡ್ವಾನ್ಸ್ ಕಟ್ಬಿಟ್ಟೆ. ಹನ್ನೊಂದನೇ ದಿನ ಫೋನು. ನಿಮ್ ತಂದೆ ರಾತ್ರಿ ಎರಡು ಗಂಟೆಗೆ ಗೇಟ್ ಅಲ್ಲಾಡಿಸ್ತಾ ನಿಂತಿದ್ರು, ಬಂದು ಕರ್ಕೊಂಡ್ ಹೋಗಿ. 'ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ' ಅಂತ ಫಾರಂನಲ್ಲಿ ಸಣ್ಣಕ್ಷರದಲ್ಲಿತ್ತು, ನಾನು ಓದಿರ್ಲಿಲ್ಲ. ಅವರನ್ನ ಬೈಯೋಕೂ ಆಗಲ್ಲ, ರಾತ್ರಿ ಅಲ್ಲಿ ಇರ್ತಿದ್ದದ್ದೇ ಒಬ್ಬ ವಾಚ್‌ಮನ್.

ದೇವರಮನೆ ನೋಡೋಕೆ ಮುಂಚೆ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ, ಹೊರಗೆ ಹೋಗೋಕೆ ಹಟ ಮಾಡಿದ್ರೆ ಏನ್ಮಾಡ್ತೀರ, ಹಾಸಿಗೆ ಹಿಡಿದ್ರೂ ಇಟ್ಕೋತೀರಾ, ಇಷ್ಟನ್ನ ಕೇಳಿ. ದೇವರ ವಾತಾವರಣ, ಮರೆವಿನವರ ಆರೈಕೆ ಎರಡೂ ಒಂದೇ ಕಡೆ ಸಿಗೋದು ಅಪರೂಪ. ನಾವು ಕೊನೆಗೆ ಡಿಮೆನ್ಷಿಯಾದವರಿಗೇ ಅಂತ ಇರೋ ಜಾಗಕ್ಕೆ ಸೇರಿಸಿ, ಮನೆಯ ಗಂಟೆ, ಪಂಚಪಾತ್ರೆ ಉದ್ಧರಣೆ ಅಲ್ಲಿಗೇ ತಗೊಂಡು ಹೋಗಿ ಕೊಟ್ವಿ. ಭಾನುವಾರ ನಾನು ಹೋಗಿ ಜೊತೇಲಿ ಕೂತು ಸಂಧ್ಯಾವಂದನೆ ಮಾಡ್ತೀನಿ, ನನ್ನ ಹೆಸರು ಮರೆತಿದಾರೆ, ಮಂತ್ರ ನಾನು ತಪ್ಪು ಹೇಳಿದ್ರೆ ಮಾತ್ರ ಈಗ್ಲೂ ತಿದ್ತಾರೆ.

ಮಂಗಳೂರಿಂದ

ನಮ್ದು ಕ್ಯಾಥೊಲಿಕ್ ಮನೆ. ಅಮ್ಮನನ್ನು ಸಿಸ್ಟರ್‌ಗಳು ನಡೆಸುವ ಹೋಮಿಗೆ ಸೇರಿಸಿದೆವು, ಚಾಪೆಲ್ ಉಂಟು, ದಿನಾ ಪೂಜೆ ಉಂಟು, ಇನ್ನೆಂತ ಚಿಂತೆ ಅಂತ. ಆದ್ರೆ ಅಲ್ಲಿ ಪ್ರಾರ್ಥನೆ ಎಲ್ಲ ಇಂಗ್ಲಿಷಿನಲ್ಲಿ ಮಾರಾಯ್ರೆ. ಎಪ್ಪತ್ತು ವರ್ಷ ಕೊಂಕಣಿಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿದ ಹೆಂಗಸು, ಸುಮ್ಮನೆ ಗೋಡೆ ನೋಡಿ ಕೂತುಕೊಳ್ಳುವುದು. ಒಂದು ದಿನ ಅಡುಗೆಗೆ ಬರುವ ನಮ್ಮ ಊರ ಕಡೆಯ ಹೆಂಗಸು ಪಾತ್ರೆ ತೊಳೀತಾ ತನ್ನಷ್ಟಕ್ಕೆ 'ನಮಾನ್ ಮರಿಯೆ' ಅಂತ ಆ ಪ್ರಾರ್ಥನೆಯ ಮೊದಲ ಮಾತು ಅಂದದ್ದೇ ತಡ, ಅಮ್ಮ ಮುಂದಿನದ್ದು ಪೂರ್ತಿ ಹೇಳಿ ಮುಗಿಸಿದ್ರು! ಸಿಸ್ಟರ್‌ಗೆ ಹೇಳಿದ ಮೇಲೆ ಈಗ ಆ ಹೆಂಗಸೇ ಸಂಜೆ ಹದಿನೈದು ನಿಮಿಷ ಅಮ್ಮನ ಹತ್ರ ಕೂತುಕೊಳ್ತಾಳೆ. ಧರ್ಮ ಒಂದೇ ಆದ್ರೆ ಸಾಲದು, ನಿಮ್ಮ ಅಮ್ಮನ ಬಾಯಿಗೆ ಬರುವ ಪದವನ್ನು ಅಲ್ಲಿ ಯಾರಾದ್ರೂ ಹೇಳ್ತಾರಾ ನೋಡಿ. ಇಲ್ಲದಿದ್ದರೆ ಅವರ ಹಾಡು ನೀವೇ ರೆಕಾರ್ಡ್ ಮಾಡಿ ಕೊಡಿ, ಧ್ವನಿ ಇರುವಾಗಲೇ.

ಒಬ್ಬ ನರ್ಸ್

ಜಾಗ ಆಮೇಲೆ, ಏಕಾದಶಿ ವಿಷಯ ಇವತ್ತೇ ಡಾಕ್ಟ್ರಿಗೆ ಹೇಳಿ. ಇನ್ಸುಲಿನ್ನೋ ಕೆಲವು ಶುಗರ್ ಮಾತ್ರೆಗಳೋ ತಗೊಂಡು ಊಟ ಬಿಟ್ರೆ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು, ಡೋಸ್ ಅವರೇ ನೋಡ್ಲಿ. ಇನ್ನು ಪಂಚಾಂಗ ತೋರ್ಸಿ ವಾದ ಮಾಡಿದ್ರೆ ನೀವು ಗೆಲ್ಲಲ್ಲ. ನಾನು ನೋಡ್ಕೋತಿದ್ದ ಒಬ್ರು ಅಜ್ಜಿಗೆ 'ಏಕಾದಶಿ ನಿನ್ನೇನೇ ಆಯ್ತಲ್ಲಮ್ಮ, ಇವತ್ತು ದ್ವಾದಶಿ, ಪಾರಣೆಗೆ ಹೊತ್ತಾಯ್ತು' ಅಂದ್ರೆ ತಾವಾಗೇ ಬಂದು ಎಲೆ ಮುಂದೆ ಕೂರ್ತಿದ್ರು. ಸುಳ್ಳಲ್ವಾ ಅಂದ್ರೆ ಹೌದು ಸುಳ್ಳೇ, ನನಗಂತೂ ಅದಕ್ಕೆ ನಿದ್ದೆ ಕೆಟ್ಟಿಲ್ಲ.

ದೀಪಕ್ಕೆ ಬ್ಯಾಟರಿದು ಇಡಿ, ಬೆಂಕಿಪೊಟ್ಟಣ ಕೈಗೆ ಸಿಗ್ಬಾರ್ದು. ಇದ್ದಕ್ಕಿದ್ದ ಹಾಗೆ ಗಲಾಟೆ, ಗೊಂದಲ ಜಾಸ್ತಿಯಾದ್ರೆ ಯೂರಿನ್ ಇನ್ಫೆಕ್ಷನ್ ಇದ್ಯಾ ಅಂತ ಟೆಸ್ಟ್ ಮಾಡ್ಸಿ, ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರಾನೂ ಬರಲ್ಲ. ಬೆಂಗಳೂರಲ್ಲೇ ಇದ್ದೀರಲ್ಲ, ನಿಮ್ಹಾನ್ಸ್‌ನಲ್ಲಿ ವಯಸ್ಸಾದವರಿಗೇ ಅಂತ ಕ್ಲಿನಿಕ್ ಇದೆ, ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನೋರ ಡಿಮೆನ್ಷಿಯಾ ಸೆಂಟರ್ ಇದೆ. ಅದು ಮಠ ಅಲ್ಲ, ಆದ್ರೂ ಹೋಗಿ ಮಾತಾಡಿ. ಹಿರಿಯರ ಸಹಾಯವಾಣಿ 14567ಕ್ಕೂ ಒಂದು ಕಾಲ್ ಮಾಡಿ ನೋಡಿ.

ಹುಬ್ಬಳ್ಳಿಯಿಂದ

ನಮ್ಮ ಅಬ್ಬಾಗೂ ಹಿಂಗ ಆಗಿತ್ರೀ. ಸಂಜೀ ಮಗ್ರಿಬ್ ನಮಾಜ್ ಮುಗಿಸಿ ಐದ ನಿಮಿಷ ಆಗಿರಂಗಿಲ್ಲ ಮತ್ತ ವುಜೂ ಮಾಡಾಕ, ಅಂದ್ರ ನಮಾಜಿಗೆ ಮುಂಚೆ ಕೈಕಾಲು ಮಾರಿ ತೊಳಕೊಳ್ಳಾಕ, ಏಳೋರು, ಬಚ್ಚಲದಾಗ ಎರಡ ಸಲ ಕಾಲ ಜಾರಿ ಬಿದ್ರು. 'ಆತಲ್ಲ ಅಬ್ಬಾ' ಅಂದ್ರ ಸಿಟ್ಟು, ಆಮ್ಯಾಲೆ ಅಳು. ಕಡೀಕ ಮೌಲಾನಾರನ್ನ ಮನೀಗೆ ಕರಕೊಂಡ ಬಂದ್ವಿ. ಬುದ್ಧಿ ಕೈಬಿಟ್ಟವರ ಮ್ಯಾಲೆ ನಮಾಜ್ ಕಡ್ಡಾಯ ಇಲ್ಲ, ಎಷ್ಟ ಸಲ ಮಾಡಿದ್ರೂ ಮಾಡ್ಲಿ, ಬಿಟ್ರೂ ಪಾಪ ಇಲ್ಲ ಅಂದ್ರು. ಅಬ್ಬಾಗ ಅದು ತಿಳೀಲಿಲ್ಲ, ಆದ್ರ ನಮ್ಮ ಅಮ್ಮಿ ಎರಡ ವರ್ಷದಿಂದ ಹೊತ್ತಿದ್ದ ಭಾರ ಅವತ್ತ ಇಳಿಸಿದ್ಲು. ನೀವೂ ನಿಮ್ಮ ಆಚಾರ್ರನ್ನ ಒಮ್ಮೆ ಕೇಳ್ರಿ, ಅಮ್ಮಗ ಅಲ್ಲ, ನಿಮಗ ಬೇಕಾಗ್ತದ.

ಬಸವನಗುಡಿಯಿಂದ, ನಿಮ್ಮ ಹಾಗೇ ಒಬ್ಬ ಮಗಳು

ಸ್ವಲ್ಪ ಖಾರವಾಗಿ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಈರುಳ್ಳಿ ಹಾಕ್ತಾರಾ ಅಂತ ಕೇಳಿದ್ರಿ, ಅಮ್ಮನಿಗೆ ಸ್ನಾನ ಮಾಡಿಸೋರು ಯಾರು ಅಂತ ಕೇಳ್ಲಿಲ್ಲ. ನಮ್ಮನೇಲಿ ಕಷ್ಟ ಆಗಿದ್ದು ಅಲ್ಲೇ. ಅಮ್ಮ ತಮ್ಮನ್ನ ನೋಡ್ಕೊಳ್ಳೋ ಹುಡುಗೀನ ದಿನಾ 'ನೀನು ಯಾವ ಜನ' ಅಂತ ಕೇಳೋರು, ಮುಟ್ಟಬೇಡ ಅಂತ ಕೂಗಾಡೋರು, ನಾನು ನಾಚಿಕೆಯಿಂದ ಒಳಗೆ ಹೋಗ್ಬಿಡ್ತಿದ್ದೆ, ಕಾಯಿಲೆ ಅಂತ ಹೇಳಿ ತಪ್ಪಿಸ್ಕೊಳ್ಳೋಕೂ ಆಗ್ತಿರ್ಲಿಲ್ಲ ಯಾಕಂದ್ರೆ ಕಾಯಿಲೆಗೆ ಮುಂಚೇನೂ ಅಮ್ಮ ಹಾಗೇ ಇದ್ರು. ರಾಯಚೂರು ಕಡೆ ಹುಡುಗಿ, ಪಾಪ, ತಾನೇ ಒಂದು ಉಪಾಯ ಕಂಡ್ಕೊಂಡ್ಲು. ತಲೆಗೆ ನೀರು ಹಾಕ್ಕೊಂಡು, ಒದ್ದೆ ಟವೆಲ್ ಸುತ್ಕೊಂಡೇ ಬಂದು 'ನಾನೂ ಮಡೀಲಿದ್ದೀನಮ್ಮ' ಅನ್ನೋಳು. ಅಷ್ಟೇ, ಅಮ್ಮ ಕೈ ಚಾಚೋರು. ಆಮೇಲಾಮೇಲೆ ಅವಳನ್ನ ತಮ್ಮ ತೀರಿಹೋದ ತಂಗಿ ಹೆಸರಲ್ಲೇ ಕರೀತಿದ್ರು. ನನ್ನ ಕೈಯಲ್ಲಿ ಊಟ ಮಾಡ್ತಿರ್ಲಿಲ್ಲ, ಅವಳ ಕೈಯಲ್ಲಿ ಮಾಡೋರು.

ಯಾವ ಹೋಮ್ ನೋಡೋಕೆ ಹೋದ್ರೂ ಊಟದ ಹೊತ್ತಿಗೆ ಹೋಗ್ಬೇಡಿ, ಆಗ ಎಲ್ಲ ಕಡೇನೂ ಚೆನ್ನಾಗೇ ಕಾಣ್ಸತ್ತೆ. ಬೆಳಗ್ಗೆ ಸ್ನಾನದ ಹೊತ್ತಿಗೆ ಹೋಗಿ, ಕಾರಿಡಾರಲ್ಲಿ ಸುಮ್ನೆ ನಿಂತು ಕೇಳಿಸ್ಕೊಳ್ಳಿ.